ಹೊಳನಗದ್ದೆ ಹುಲಿ ಬ್ಯಾನ್ ಆದದ್ದು

“ಬ್ಯಾನಾ? ನನ್ನ ಐಡಿ ಬ್ಯಾನಾ?”

ನಿತ್ಯಾನಂದ ಎದ್ದ ರಭಸಕ್ಕೆ ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಮಗುಚಿ ಬಿತ್ತು. ಕಂಪ್ಯೂಟರಿನ ಪರದೆ ಪೂರಾ ಕೆಂಪಾಗಿತ್ತು. ಅದರ ನಡುವೆ ಬಿಳಿ ಅಕ್ಷರದಲ್ಲಿ ನಾಲ್ಕು ಸಾಲು ಇಂಗ್ಲಿಷ್ ಇತ್ತು.

ಬಾಗಿಲ ಬುಡದಲ್ಲಿ ಗಣಿತದ ಪುಸ್ತಕ ಹಿಡಿದು ಕೂತಿದ್ದ ಶಾಂಭವಿ ತಲೆ ಎತ್ತಿದಳು. ಅವಳು ಐದನೇ ಕ್ಲಾಸು. ನಿತ್ಯಾನಂದ ಅವಳ ಅಣ್ಣ, ಕುಮಟಾದ ಕಾಲೇಜಿಗೆ ಹೋಗುತ್ತಿದ್ದ. ಅವನು ಇಷ್ಟು ಜೋರಾಗಿ ಕೂಗಿದ್ದನ್ನು ಅವಳು ಕೇಳಿರಲಿಲ್ಲ.

“ಎಂತ ಆತಾ? ಬಿದ್ಯಾ?” ಎಂದು ಅಡುಗೆಮನೆಯಿಂದ ಅಜ್ಜಿ ಕೇಳಿದರು.

“ನಾ ಬೀಳ್ಲಿಲ್ಲ ಅಜ್ಜಿ. ನನ್ನ ಹುಲಿ ಹೋತು!”

“ಅಯ್ಯೋ, ಯಾರು ಹೋದ್ರು?” ಅಜ್ಜಿ ಸೌಟು ಹಿಡಿದುಕೊಂಡೇ ಓಡಿ ಬಂದರು.

ನಿತ್ಯಾನಂದ ಪರದೆಗೆ ಕೈ ತೋರಿಸಿ ಒಂದೊಂದೇ ಸಾಲನ್ನು ಕನ್ನಡ ಮಾಡಿ ಹೇಳಿದ. ಆಟ ನಡೆಯುವಾಗ ಈ ಕಂಪ್ಯೂಟರಿನಲ್ಲಿ ಆಟದ ಲೆಕ್ಕ ತಿದ್ದುವ ಸಾಫ್ಟ್‌ವೇರ್ ಚಾಲೂ ಇತ್ತಂತೆ. ಅದು ಮೋಸವಂತೆ. ಹಾಗಾಗಿ ಈ ಐಡಿ ಇನ್ನು ಯಾವತ್ತೂ ತೆರೆಯುವುದಿಲ್ಲವಂತೆ.

“ಮೋಸ ಅಂತೆ! ನಾನು ಮೋಸ ಮಾಡಿದ್ನಂತೆ!”

ಶಾಂಭವಿಯ ಕಿವಿ ಬಿಸಿಯಾಯಿತು. ಅವಳು ಗಣಿತದ ಪುಸ್ತಕವನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದಳು.

ಹೋದದ್ದು ಸಾಮಾನ್ಯ ಐಡಿ ಅಲ್ಲ. ಅದರ ಹೆಸರು ‘ಹೊಳನಗದ್ದೆ ಹುಲಿ’. ಹೊಳನಗದ್ದೆ ಅವರ ಊರು, ಕುಮಟಾ ಪೇಟೆಗೆ ಹತ್ತಿರ. ಅಲ್ಲಿ ನಿಜವಾದ ಹುಲಿಯನ್ನು ಕಂಡವರು ಯಾರೂ ಇಲ್ಲ. ನಿತ್ಯಾನಂದನಂತೂ ಪಕ್ಕದ ಮನೆಯ ನಾಯಿ ಬೊಗಳಿದರೆ ಗೇಟಿನ ಒಳಗೆ ಓಡುವವನು. ಆದರೆ ‘ಫೈವ್ ಐಲ್ಯಾಂಡ್ಸ್’ ಎಂಬ ಆನ್‌ಲೈನ್ ಆಟದಲ್ಲಿ ಅವನ ಎದುರು ನಿಲ್ಲುವವರು ಕಡಿಮೆ.

ಐದು ಜನರ ತಂಡ ದೋಣಿ ಹತ್ತಿ ಹೋಗಿ ಇನ್ನೊಂದು ತಂಡದ ದ್ವೀಪವನ್ನು ಹಿಡಿಯುವ ಆಟ ಅದು. ಹೈಸ್ಕೂಲಿನಲ್ಲಿದ್ದಾಗಿನಿಂದ ಆಡಿ, ಸೋತು, ಮತ್ತೆ ಆಡಿ ಅವನು ಆ ಐಡಿಯನ್ನು ಮೇಲಕ್ಕೆ ಏರಿಸಿದ್ದ. ಈಗ ಕುಮಟಾ, ಹೊನ್ನಾವರ, ಭಟ್ಕಳದ ಹುಡುಗರು ಸೇರಿ ಕಟ್ಟಿದ ತಂಡಕ್ಕೆ ಅವನೇ ಕ್ಯಾಪ್ಟನ್. ಬರುವ ಭಾನುವಾರ ಹೊನ್ನಾವರದ ಹಾಲೊಂದರಲ್ಲಿ ಫೈನಲ್ ಮ್ಯಾಚು. ಎಲ್ಲರೂ ಅಲ್ಲಿಗೇ ಬಂದು ಎದುರುಬದುರು ಕೂತು ಆಡುವುದು ಎಂದು ಗೊತ್ತಾಗಿತ್ತು.

“ಶಾಂಭೂ, ಸಂಜೆ ನೀನು ಕೂತಿದ್ಯಲ್ಲ. ಎಂತಾದ್ರೂ ಡೌನ್‌ಲೋಡ್ ಮಾಡಿದ್ಯಾ?”

“ಇಲ್ಲ.”

ಅದು ಸುಳ್ಳಲ್ಲ. ಅವಳು ಡೌನ್‌ಲೋಡ್ ಮಾಡಿರಲಿಲ್ಲ. ಪೆನ್‌ಡ್ರೈವಿನಲ್ಲಿ ತಂದಿದ್ದಳು.

“ನನ್ನ ಗೇಮ್ ಮುಟ್ಟಿದ್ಯಾ?”

“ಇಲ್ಲಪ್ಪ. ನಾ ನನ್ನ ಫಾರ್ಮ್ ಗೇಮ್ ಆಡಿದೆ ಅಷ್ಟೆ.”

ಅದೂ ಸುಳ್ಳಲ್ಲ. ಸುಳ್ಳಲ್ಲದ ಮಾತನ್ನೇ ಹುಡುಕಿ ಹುಡುಕಿ ಆಡುವುದರಲ್ಲಿ ಶಾಂಭವಿ ಬಹಳ ಜಾಣೆ. ಅಣ್ಣ ಸುಮ್ಮನೆ ನಂಬಿದ.

ನಡೆದದ್ದು ಇಷ್ಟು. ಶಾಂಭವಿಗೆ ಒಂದು ಆಟವಿತ್ತು, ‘ಲಿಟಲ್ ಫಾರ್ಮ್’ ಅಂತ. ಅದಕ್ಕೆ ಇಂಟರ್‌ನೆಟ್ ಬೇಡ. ಬೀಜ ಬಿತ್ತಬೇಕು, ನೀರು ಹಾಕಬೇಕು, ಕುಂಬಳಕಾಯಿ ಬೆಳೆಯಬೇಕು. ಅವಳ ಕ್ಲಾಸಿನ ಪ್ರಿಯಾ ಕೂಡ ಅದನ್ನೇ ಆಡುತ್ತಿದ್ದಳು. ಶಾಂಭವಿ ಒಂದು ಬುಟ್ಟಿ ಕುಂಬಳ ಬೆಳೆಯುವಷ್ಟರಲ್ಲಿ ಪ್ರಿಯಾಳ ಗೋದಾಮು ಭರ್ತಿಯಾಗಿ ಅಂಗಳಕ್ಕೂ ಉರುಳುತ್ತಿತ್ತು.

“ಎಂತಾ ಗೊಬ್ಬರ ಹಾಕ್ತ್ಯೆ ನೀನು?” ಎಂದು ಶಾಂಭವಿ ಕೇಳಿದರೆ ಪ್ರಿಯಾ ಕಿಸಕ್ಕನೆ ನಕ್ಕಳು.

“ಗೊಬ್ಬರ ಅಲ್ವೇ. ನಾ ನಂಬರ್ ತಿದ್ದುದು.”

ಹಾಗೆ ಪ್ರಿಯಾಳ ಪೆನ್‌ಡ್ರೈವ್ ಶಾಂಭವಿಯ ಕಂಪಾಸ್ ಬಾಕ್ಸಿನಲ್ಲಿ ಕೂತು ಹೊಳನಗದ್ದೆಗೆ ಬಂತು. ಅದರಲ್ಲಿ ‘ನಂಬರ್ ಮಾಸ್ಟರ್’ ಎಂಬ ಸಣ್ಣ ಸಾಫ್ಟ್‌ವೇರ್ ಇತ್ತು. ಆಟ ನಡೆಯುವಾಗ ಬೀಜ ಎಷ್ಟು, ನೀರು ಎಷ್ಟು ಎಂಬ ಲೆಕ್ಕವನ್ನೆಲ್ಲ ಕಂಪ್ಯೂಟರ್ ತನ್ನ ನೆನಪಿನಲ್ಲಿ ಇಟ್ಟುಕೊಂಡಿರುತ್ತದೆಯಲ್ಲ, ಇದು ಸೀದಾ ಆ ನೆನಪಿಗೇ ಕೈ ಹಾಕಿ ಲೆಕ್ಕವನ್ನು ಬದಲಿಸುತ್ತಿತ್ತು. ಅದನ್ನು ತೆರೆದ ಕೂಡಲೇ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬರುತ್ತಿತ್ತು. ಅದರ ಅರ್ಥವನ್ನು ಪ್ರಿಯಾ ಮೊದಲೇ ಹೇಳಿದ್ದಳು.

“ಆನ್‌ಲೈನ್ ಗೇಮ್ ಜೊತೆಗೆ ಇದನ್ನ ತೆರೀಬೇಡಿ ಅಂತ ಬರ್ದಿದೆ. ನಮ್ದು ಆನ್‌ಲೈನ್ ಅಲ್ವಲ್ಲ. ನಮಗೆಂತಾ?”

ಹೌದಲ್ಲ, ನಮಗೆಂತಾ ಎಂದು ಶಾಂಭವಿಗೂ ಅನಿಸಿತ್ತು.

ಆ ಸಂಜೆ ಅವಳ ಬೀಜದ ಬುಟ್ಟಿಯೊಂದರಲ್ಲೇ ತೊಂಬತ್ತೊಂಬತ್ತು ಸಾವಿರ ಬೀಜ ತುಂಬಿಕೊಂಡವು. ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ಅಷ್ಟರಲ್ಲಿ ಅಂಗಳದಿಂದ ಅಜ್ಜಿಯ ದನಿ ಬಂತು.

“ಶಾಂಭೂ, ದೀಪ ಹಚ್ತೆ, ಏಳು! ಅದನ್ನ ಆರಿಸ್ಬೇಡ, ಹಂಗೇ ಬಿಟ್ಟು ಬಾ.”

ಅದು ಅಜ್ಜಿಯ ಶಾಸ್ತ್ರ. ತುಳಸಿಯ ಮುಂದೆ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿ ಯಾವುದನ್ನೂ ಮುಚ್ಚಬಾರದು, ಯಾವುದನ್ನೂ ಆರಿಸಬಾರದು. ಮೊದಲು ಇದು ಬಾಗಿಲಿಗೂ ಲಾಟೀನಿಗೂ ಇದ್ದ ನಿಯಮ. ಕರೆಂಟು ಬಂದ ಮೇಲೆ ಅಜ್ಜಿ ಅದನ್ನು ಬಲ್ಬಿಗೂ ಅನ್ವಯಿಸಿದರು. ಆಮೇಲೆ ಟೀವಿ ಬಂತು, ಟೀವಿಗೂ ಆಯಿತು. ಕಂಪ್ಯೂಟರ್ ಬಂದ ದಿನವೇ ಅದಕ್ಕೂ ಹೇಳಿಬಿಟ್ಟಿದ್ದರು. ಮನೆಯಲ್ಲಿ ಯಾರೂ ಈ ಮಾತಿಗೆ ಎದುರಾಡುತ್ತಿರಲಿಲ್ಲ.

ಶಾಂಭವಿ ಎದ್ದಳು. ಆದರೆ ಅಣ್ಣ ಬಂದು ಇದನ್ನೆಲ್ಲ ನೋಡಿದರೆ? ‘ನನ್ನ ಕೇಳದೆ ಕಂಪ್ಯೂಟರಿಗೆ ಎಂತದೂ ಹಾಕೂಕಿಲ್ಲ’ ಎಂದು ಅವನು ಸಾವಿರ ಸಲ ಹೇಳಿದ್ದ. ಅವಳು ನಂಬರ್ ಮಾಸ್ಟರನ್ನು ಮುಚ್ಚಲಿಲ್ಲ, ಮಿನಿಮೈಸ್ ಮಾಡಿದಳು. ಅದು ಪರದೆಯ ಕೆಳಗೆ ಹೋಗಿ ಒಂದು ಪುಟ್ಟ ಚೌಕವಾಗಿ ಕೂತಿತು. ಅಜ್ಜಿಯ ಶಾಸ್ತ್ರವೂ ಉಳಿಯಿತು, ತನ್ನ ಗುಟ್ಟೂ ಉಳಿಯಿತು ಎಂದುಕೊಂಡು ಅವಳು ಅಂಗಳಕ್ಕೆ ಓಡಿದಳು.

ದೀಪ ಹಚ್ಚಿ ಆಯಿತು, ಭಜನೆ ಆಯಿತು, ಅವಳು ಮರೆತೂ ಬಿಟ್ಟಳು. ಕಾಲೇಜಿನಿಂದ ಬಂದ ಅಣ್ಣ ಕೈಕಾಲು ತೊಳೆದು ಕೂತು ಫೈವ್ ಐಲ್ಯಾಂಡ್ಸ್ ತೆರೆದ. ಕೆಳಗೆ ಅಡಗಿದ್ದ ಪುಟ್ಟ ಚೌಕ ಅವನ ಕಣ್ಣಿಗೆ ಬೀಳಲಿಲ್ಲ. ಆಟದ ಕಣ್ಣಿಗೆ ಬಿತ್ತು.

ಈಗ ಅಣ್ಣ ಫೋನು ಹಿಡಿದು ಅಂಗಳಕ್ಕೆ ಇಳಿದಿದ್ದ. ಶಾಂಭವಿ ಮೆಲ್ಲ ಎದ್ದು ಕಂಪ್ಯೂಟರಿನ ಹತ್ತಿರ ಹೋದಳು. ಕೆಳಗಿನ ಚೌಕವನ್ನು ಒತ್ತಿ ನಂಬರ್ ಮಾಸ್ಟರನ್ನು ಮುಚ್ಚಿದಳು. ಕಂಪ್ಯೂಟರಿನ ಡಬ್ಬದ ಹಿಂದೆ ಕೈ ಹಾಕಿ ಪೆನ್‌ಡ್ರೈವ್ ಕಿತ್ತು ಲಂಗದ ಜೇಬಿಗೆ ಹಾಕಿಕೊಂಡಳು. ಅಂಗಳದಿಂದ ಅಣ್ಣನ ಮಾತು ಸರಿಯಾಗಿ ಕೇಳುತ್ತಿತ್ತು.

“ಸುಹೈಲ್, ಹೋದ ವಾರ ನನ್ನ ಐಡಿ ನಿನ್ನ ಹತ್ರ ಇತ್ತಲ್ಲ. ನಿನ್ನ ಮಷೀನಲ್ಲಿ ಎಂತ ಹಾಕಿದ್ದೆ?… ಹಂಗಲ್ಲ ಅಂದ್ರೆ ಮತ್ತೆ ಹೆಂಗೆ?… ಕಸಂ, ಆಣೆ ಎಲ್ಲ ಎಂತಕ್ಕೆ ಮಾರಾಯಾ? ನಮ್ಮನೇಲಿ ಯಾರೂ ಮುಟ್ಲಿಲ್ಲ. ನಾ ಕೇಳಿದೆ.”

ಶಾಂಭವಿಯ ಕೈ ಜೇಬಿನಲ್ಲೇ ನಿಂತಿತು.

ಸುಹೈಲ್ ಭಟ್ಕಳದವನು. ಇಬ್ಬರಿಗೂ ಆಟದಲ್ಲೇ ಪರಿಚಯ. ಎಲ್ಲೋ ದಿಲ್ಲಿಯವನಿರಬೇಕು ಎಂದುಕೊಂಡು ಅಣ್ಣ ಅವನ ಜೊತೆ ಎಷ್ಟೋ ದಿನ ಹಿಂದಿಯಲ್ಲಿ ಒದ್ದಾಡಿದ್ದ. ಒಂದು ದಿನ ಅವನ ಹಿಂದೆ ಯಾರೋ ಕನ್ನಡದಲ್ಲಿ, ಅದೂ ಭಟ್ಕಳದ ಪಕ್ಕದ ಊರಿನ ಹೆಸರು ಹೇಳಿ, “ಶಿರಾಲಿ ಬಸ್ ಬಂತು” ಎಂದು ಕೂಗಿದ್ದು ಹೆಡ್‌ಫೋನಿನಲ್ಲಿ ಕೇಳಿ ಇಬ್ಬರೂ ನಕ್ಕು ನಕ್ಕು ಸುಸ್ತಾಗಿದ್ದರು. ಅಂದಿನಿಂದ ದೋಸ್ತಿ. ಹಬ್ಬ ಬಂದರೆ ಭಟ್ಕಳದ ಬಸ್ಸಿನಲ್ಲಿ ಕಂಡಕ್ಟರ್ ಕೈಯಲ್ಲಿ ಸುಹೈಲನ ಮನೆಯ ಬಿರಿಯಾನಿಯ ಸ್ಟೀಲ್ ಡಬ್ಬಿ ಬರುತ್ತಿತ್ತು. ಸೋಮವಾರ ಬಂದರೆ ಅಜ್ಜಿ ತಮ್ಮ ಪಾಲನ್ನು ಫ್ರಿಜ್ಜಿನಲ್ಲಿಟ್ಟು ಮಂಗಳವಾರ ತಿನ್ನುತ್ತಿದ್ದರು. ಅದೇ ಡಬ್ಬಿಯಲ್ಲಿ ಬೆಲ್ಲದ ಸಿಹಿ ಸುಕ್ರುಂಡೆಯನ್ನೋ ಹಲಸಿನ ಹಪ್ಪಳವನ್ನೋ ತುಂಬಿ ವಾಪಸು ಕಳಿಸುತ್ತಿದ್ದರು.

ಹೋದ ವಾರ ಅಣ್ಣನಿಗೆ ಪರೀಕ್ಷೆ ಇತ್ತು. ದಿನಾ ಆಡದಿದ್ದರೆ ತಂಡದ ಅಂಕ ಕಡಿಮೆಯಾಗುತ್ತದೆ ಎಂದು ಅವನು ತನ್ನ ಪಾಸ್‌ವರ್ಡನ್ನು ಸುಹೈಲನಿಗೆ ಕೊಟ್ಟಿದ್ದ. ಈಗ ಅವನ ಅನುಮಾನವೆಲ್ಲ ಅಲ್ಲಿಗೇ ಹೋಯಿತು.

ಅಣ್ಣ ಒಳಗೆ ಬಂದ. ಅವನ ಮುಖ ಊದಿತ್ತು. “ಫೋನ್ ಕಟ್ ಮಾಡಿದ. ತಪ್ಪು ಮಾಡದವ ಕಟ್ ಮಾಡ್ತಾನಾ?” ಎಂದ. ಅಡುಗೆಮನೆಯಲ್ಲಿದ್ದ ಅಮ್ಮ ಏನೋ ಸಮಾಧಾನ ಹೇಳಿದರು. ಶಾಂಭವಿ ಮತ್ತೆ ಗಣಿತದ ಪುಸ್ತಕ ಹಿಡಿದಳು.

ಆಮೇಲಿನ ದಿನಗಳು ಒಂದೂ ಚೆನ್ನಾಗಿರಲಿಲ್ಲ. ಅಣ್ಣ ಕಂಪನಿಗೆ ಮೇಲ್ ಮೇಲೆ ಮೇಲ್ ಬರೆದ. ಉತ್ತರ ಬಂತು. ಆ ಸಾಫ್ಟ್‌ವೇರನ್ನು ನಮ್ಮ ಆಟಕ್ಕೆ ಬಳಸಿದಿರೋ ಇಲ್ಲವೋ ನಾವು ನೋಡುವುದಿಲ್ಲ, ಆಟದ ಜೊತೆ ಅದು ಚಾಲೂ ಇದ್ದರೆ ಸಾಕು, ತೀರ್ಮಾನ ಬದಲಾಗುವುದಿಲ್ಲ ಎಂದು ಬರೆದಿದ್ದರು. ಎದುರು ತಂಡದ ಯಾರೋ ಆಟಗಾರರ ವಾಟ್ಸಾಪ್ ಗ್ರೂಪಿನಲ್ಲಿ ಹುಲಿಯ ಚಿತ್ರಕ್ಕೆ ಕಳ್ಳನ ಮುಖವಾಡ ಹಾಕಿ ಬಿಟ್ಟಿದ್ದರು. ಅಣ್ಣ ಆ ಗ್ರೂಪಿನಿಂದ ಹೊರಗೆ ಬಂದ. ಊಟಕ್ಕೆ ಕೂತರೆ ಸಾರು ಮುಟ್ಟದೆ ಬರಿಯ ಮಜ್ಜಿಗೆ ಅನ್ನ ಉಂಡು ಏಳುತ್ತಿದ್ದ.

ನಾನು ಅವನ ಆಟ ಮುಟ್ಟಿದ್ನಾ? ಇಲ್ಲ. ಐಡಿ ಬ್ಯಾನ್ ಮಾಡಿದ್ದು ನಾನಾ? ಅಲ್ಲ, ಕಂಪನಿ. ಶಾಂಭವಿ ಮನಸ್ಸಿನೊಳಗೇ ತನ್ನ ಪರವಾಗಿ ವಕಾಲತ್ತು ಮಾಡುತ್ತಿದ್ದಳು. ಪ್ರತಿಸಲವೂ ಅವಳೇ ಗೆಲ್ಲುತ್ತಿದ್ದಳು. ಆದರೂ ಲಿಟಲ್ ಫಾರ್ಮ್ ತೆರೆಯಲು ಮನಸ್ಸಾಗುತ್ತಿರಲಿಲ್ಲ. ಹೇಳಿದರೆ ಅಣ್ಣ ಮತ್ತೆ ಯಾವತ್ತೂ ತನ್ನನ್ನು ಕಂಪ್ಯೂಟರಿನ ಹತ್ತಿರ ಸೇರಿಸುವುದಿಲ್ಲ, ಬಹುಶಃ ಮಾತೂ ಆಡುವುದಿಲ್ಲ ಎಂದು ಅವಳಿಗೆ ಹೆದರಿಕೆ.

ಶುಕ್ರವಾರ ಬೆಳಿಗ್ಗೆ ಅಜ್ಜಿ ಭಟ್ಕಳದ ಡಬ್ಬಿಯನ್ನು ಒರೆಸುತ್ತಿದ್ದರು. ಸುಕ್ರುಂಡೆ ತಟ್ಟೆಯ ತುಂಬ ತಯಾರಿತ್ತು.

“ಅದನ್ನ ತುಂಬ್ಬೇಡಿ ಅಜ್ಜಿ,” ಎಂದ ಅಣ್ಣ. “ಖಾಲಿನೇ ಕಳ್ಸಿ.”

ಅಜ್ಜಿಯ ಕೈ ನಿಂತಿತು. “ಖಾಲಿ ಡಬ್ಬಿ ಕಳ್ಸುದಾ? ಬುದ್ಧಿ ಗಿದ್ದಿ ಇದೆಯಾ ನಿಂಗೆ? ಸಂಬಂಧ ಹರ್ಕಂಡವರು ಕಳ್ಸೂದು ಖಾಲಿ ಡಬ್ಬಿ.”

“ಗೊತ್ತಿದ್ದೇ ಹೇಳಿದ್ದು.”

“ಒಂದು ಚಿಟಿಕೆ ಸಕ್ಕರೆ ಆದ್ರೂ ಹಾಕ್ತೆ.”

“ಬೇಡ ಅಂದ್ನಲ್ಲ! ಅವನಿಗೆ ಗೊತ್ತಾಗ್ಲಿ.”

ಅಜ್ಜಿ ಮುಚ್ಚಳ ಹಾಕಿ ಡಬ್ಬಿಯನ್ನು ಕೆಳಗಿಟ್ಟರು. ಶಾಂಭವಿಯ ಶಾಲೆ ಕುಮಟಾ ಬಸ್‌ಸ್ಟ್ಯಾಂಡಿಗೆ ಹತ್ತಿರ. ಡಬ್ಬಿಯನ್ನು ಬಸ್ಸಿಗೆ ಕೊಡುವ ಕೆಲಸ ಯಾವಾಗಲೂ ಅವಳದೇ. ಅಣ್ಣ ಅದನ್ನು ಅವಳ ಕೈಗೆ ಕೊಟ್ಟು ಹೊರಗೆ ಹೋದ.

ಭಟ್ಕಳದ ಬಸ್ಸು ನಿಂತಿತ್ತು. ಕಂಡಕ್ಟರ್ ಮಾದೇವಣ್ಣ ಅವಳನ್ನು ನೋಡಿ, “ಬಾ ಮಗಾ, ಇವತ್ತು ಎಂತಾ ಪರಿಮಳ ತಂದಿದ್ದೆ?” ಎನ್ನುತ್ತ ಕೈ ಚಾಚಿದ. ಡಬ್ಬಿ ಅವನ ಕೈಗೆ ಬಂತು. ಅವನು ಅದನ್ನು ಮೇಲೆ ಕೆಳಗೆ ಮಾಡಿದ. ಆಮೇಲೆ ಒಮ್ಮೆ ಅಲುಗಿಸಿದ. ನಗು ಕಡಿಮೆಯಾಯಿತು.

“ಹಂಗೇ ಕಳ್ಸಿದ್ರಾ? ಅಜ್ಜಿಗೆ ಆರಾಮಿಲ್ವಾ?”

“ಅಜ್ಜಿ ಆರಾಮಿದಾರೆ.”

“ಮತ್ತೆ?”

ಶಾಂಭವಿಗೆ ಸುಳ್ಳಲ್ಲದ ಮಾತು ಒಂದೂ ಸಿಗಲಿಲ್ಲ. ಭಟ್ಕಳದಲ್ಲಿ ಸುಹೈಲನ ಅಮ್ಮ ಡಬ್ಬಿಯ ಮುಚ್ಚಳ ತೆಗೆಯುವುದು ಅವಳ ಕಣ್ಣ ಮುಂದೆ ಬಂತು. ಆ ಅಮ್ಮನನ್ನು ಅವಳು ನೋಡಿಯೂ ಇರಲಿಲ್ಲ. ಮಾದೇವಣ್ಣ ಸೀಟಿ ಊದಲು ತಯಾರಾಗುತ್ತಿದ್ದ.

“ಕೊಡಿ ಮಾದೇವಣ್ಣ. ಇವತ್ತು ಕಳ್ಸೂದಿಲ್ಲ,” ಎಂದು ಅವಳು ಡಬ್ಬಿಯನ್ನು ವಾಪಸು ಕಸಿದುಕೊಂಡಳು.

ಡಬ್ಬಿ ದಿನವಿಡೀ ಬೆಂಚಿನ ಕೆಳಗಿತ್ತು. ಕಾಲು ತಾಗಿದಾಗಲೆಲ್ಲ ಟಣ್ ಎನ್ನುತ್ತಿತ್ತು. ವಿಷಯ ಕೇಳಿದ ಪ್ರಿಯಾ ಬೆಚ್ಚಿಬಿದ್ದಳು.

“ಹೇಳ್ಬೇಡ್ವೆ ಮಾರಾಯ್ತಿ! ಪೆನ್‌ಡ್ರೈವ್ ನಮ್ಮಪ್ಪಂದು. ನನ್ನ ಚರ್ಮ ಸುಲೀತಾರೆ.”

“ನಿನ್ನ ಹೆಸರು ಹೇಳೂದಿಲ್ಲ. ತಕಾ,” ಎಂದು ಶಾಂಭವಿ ಪೆನ್‌ಡ್ರೈವನ್ನು ಅವಳ ಕೈಗೆ ಕೊಟ್ಟಳು.

ಸಂಜೆ ಅಣ್ಣ ಅಂಗಳದಲ್ಲಿ ಬೈಕು ತೊಳೆಯುತ್ತಿದ್ದ. ಶಾಂಭವಿ ಡಬ್ಬಿಯನ್ನು ಅಪ್ಪಿ ಹಿಡಿದು ಅವನ ಎದುರು ನಿಂತಳು.

“ಅಣ್ಣಾ, ಡಬ್ಬಿ ಕಳ್ಸಲಿಲ್ಲ.”

“ಎಂತಕ್ಕೆ? ಬಸ್ ತಪ್ಪಿತಾ?”

“ಸುಹೈಲಣ್ಣ ಮಾಡಿದ್ದಲ್ಲ. ನಾನು.”

ಒಂದು ಸಲ ಬಾಯಿ ತೆರೆದ ಮೇಲೆ ಎಲ್ಲ ಹೊರಗೆ ಬಂತು. ಕುಂಬಳಕಾಯಿ, ಪೆನ್‌ಡ್ರೈವ್, ನಂಬರ್ ಮಾಸ್ಟರ್, ಮಿನಿಮೈಸ್ ಮಾಡಿದ್ದು, ಆಮೇಲೆ ಕಿತ್ತು ಅಡಗಿಸಿದ್ದು. ಅವಳು ಅಳುತ್ತ ಹೇಳಿದಳು. ಮೂಗು ಒರೆಸಿಕೊಂಡು ಮತ್ತೆ ಹೇಳಿದಳು. ಅಣ್ಣನ ಕೈಯಲ್ಲಿದ್ದ ಪೈಪಿನಿಂದ ನೀರು ಸುಮ್ಮನೆ ಹರಿದು ದಾಸವಾಳದ ಬುಡಕ್ಕೆ ಹೋಗುತ್ತಿತ್ತು.

“ಅವತ್ತು ನಾ ಕೇಳಿದ್ನಲ್ಲ?”

“ಡೌನ್‌ಲೋಡ್ ಮಾಡಿದ್ಯಾ ಅಂತ ಕೇಳಿದ್ದೆ. ಇಲ್ಲ ಅಂದೆ.”

“ಹ್ಞೂಂ,” ಎಂದ ಅಣ್ಣ. “ಹಂಗೇ ಕೇಳಿದ್ದೆ.”

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಶಾಂಭವಿಗೆ ಅನಿಸಿತು. ಅವನು ನಲ್ಲಿ ಬಂದ್ ಮಾಡಿ, ಕೈ ಒರೆಸಿಕೊಂಡು ಸುಹೈಲನಿಗೆ ಫೋನು ಹಚ್ಚಿದ. ರಿಂಗ್ ಆಗಿ ಆಗಿ ನಿಂತಿತು. ಮತ್ತೆ ಹಚ್ಚಿದ. ಆಗಲೂ ಎತ್ತಲಿಲ್ಲ. ಕೊನೆಗೆ ಮೆಟ್ಟಿಲ ಮೇಲೆ ಕೂತುಕೊಂಡು, “ಎಂತೆಂತಾ ಮಾತು ಅಂದ್ಬಿಟ್ಟೆ ನಾನು ಅವನಿಗೆ!” ಎಂದು ತಲೆಯ ಮೇಲೆ ಕೈ ಇಟ್ಟುಕೊಂಡ.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅಜ್ಜಿ ಹತ್ತಿರ ಬಂದರು. ಅವರ ಮುಖ ಸಣ್ಣದಾಗಿತ್ತು.

“ಶಾಂಭೂ, ನಾ ಆರಿಸ್ಬೇಡ ಅಂದಿದ್ದಕ್ಕೆ ಇಷ್ಟೆಲ್ಲ ಆತಾ?”

ಹೌದು ಎಂದರೆ ಅದು ಸುಳ್ಳಾಗುತ್ತಿರಲಿಲ್ಲ. ಶಾಂಭವಿ ಅಜ್ಜಿಯ ಮುಖ ನೋಡಿದಳು.

“ಅಲ್ಲ ಅಜ್ಜಿ. ನಾ ಅಡಗಿಸಿದ್ದಕ್ಕೆ ಆತು.”

ಅಜ್ಜಿ ಅವಳ ಕೈಯಿಂದ ಡಬ್ಬಿ ತೆಗೆದುಕೊಂಡು ಒಳಗೆ ಹೋದರು. ಅಣ್ಣ ಬಹಳ ಹೊತ್ತಿನ ಮೇಲೆ ಎದ್ದ. “ಭಾನುವಾರ ನೀನೂ ಹೊನ್ನಾವರಕ್ಕೆ ಬಾ. ಅವನಿಗೆ ನೀನೇ ಹೇಳು,” ಎಂದ.

ಭಾನುವಾರ ಬಸ್ಸಿನಲ್ಲಿ ಶಾಂಭವಿ ತಾನು ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದಳು. ತೊಡೆಯ ಮೇಲೆ ಡಬ್ಬಿ ಇತ್ತು. ಅಜ್ಜಿ ಅದರಲ್ಲಿ ಸುಕ್ರುಂಡೆಯನ್ನು ಮುಚ್ಚಳ ಕೂರದಷ್ಟು ತುಂಬಿದ್ದರು.

ಹಾಲಿನಲ್ಲಿ ಎರಡು ಸಾಲು ಕಂಪ್ಯೂಟರ್, ಮೇಲೆ ಬಣ್ಣಬಣ್ಣದ ಲೈಟು, ಗಜಿಬಿಜಿ. ಸುಹೈಲ್ ಉದ್ದನೆಯ ತೆಳ್ಳನೆಯ ಹುಡುಗ. ಹೆಡ್‌ಫೋನಿನ ವೈರು ಬಿಡಿಸುತ್ತಿದ್ದವನು ಅಣ್ಣನನ್ನು ಕಂಡವನೇ ಮುಖ ತಿರುಗಿಸಿದ. ತಂಡದ ಉಳಿದವರೂ ಎಲ್ಲೋ ನೋಡಿದರು. ಶಾಂಭವಿ ಅವನ ಎದುರು ಹೋಗಿ, ಶಾಲೆಯಲ್ಲಿ ಪದ್ಯ ಒಪ್ಪಿಸುವಾಗ ನಿಲ್ಲುವ ಹಾಗೆ ಕೈ ಕಟ್ಟಿ ನಿಂತಳು.

“ಸುಹೈಲಣ್ಣ, ನನ್ನ ಅಣ್ಣನ ಐಡಿ ಬ್ಯಾನ್ ಆದದ್ದು ನಿಮ್ಮಿಂದ ಅಲ್ಲ, ನನ್ನಿಂದ. ಅದಕ್ಕೆ ನಾನು ಕ್ಷಮೆ ಕೇಳುತ್ತೇನೆ.”

ಸುಹೈಲ್ ಅವಳನ್ನು ನೋಡಿದ. ಆಮೇಲೆ ಅಣ್ಣನನ್ನು ನೋಡಿದ. ಅವನ ಮುಖ ಕೆಂಪಾಯಿತು.

“ಸಣ್ಣ ಹುಡ್ಗಿಗೆ ಪಾಠ ಮಾಡ್ಸಿ ಕರ್ಕಂಡು ಬಂದ್ಯಾ ನಿತ್ಯಾ? ಮೊದ್ಲು ನನ್ನ ಮೇಲೆ ಹಾಕ್ದೆ. ಅದು ನಡೀಲಿಲ್ಲ. ಈಗ ತಂಗಿ ಮೇಲೆ ಹಾಕ್ತ್ಯಾ? ನಾಚಿಕೆ ಆಗ್ಬೇಕು ನಿಂಗೆ.”

ಸತ್ಯ ಹೇಳಿದರೆ ಬೈಯುತ್ತಾರೆ ಎಂದು ಶಾಂಭವಿ ಹೆದರಿದ್ದಳು. ನಂಬುವುದೇ ಇಲ್ಲ ಎಂದು ಯಾವತ್ತೂ ಅಂದುಕೊಂಡಿರಲಿಲ್ಲ. ಅಣ್ಣ ತಲೆ ತಗ್ಗಿಸಿದ್ದ. ಸುತ್ತ ನಿಂತವರಲ್ಲಿ ಯಾರೋ ಕಿಸಕ್ಕೆಂದರು.

“ಪಾಠ ಅಲ್ಲ!” ಅವಳು ಕೂಗಿಯೇ ಬಿಟ್ಟಳು. “ನನ್ನ ಬುಟ್ಟೀಲಿ ನಲ್ವತ್ತು ಬೀಜ ಇತ್ತು. ನಲ್ವತ್ತು ಎಲ್ಲುಂಟು ಅಂತ ನಂಬರ್ ಮಾಸ್ಟರಲ್ಲಿ ಹುಡ್ಕಿದ್ರೆ ರಾಶಿ ನಲ್ವತ್ತು ಬಂತು. ಒಂದು ಬೀಜ ಬಿತ್ತಿ, ಮೂವತ್ತೊಂಬತ್ತು ಹುಡ್ಕಿದೆ. ಆಗ ಒಂದೇ ಉಳೀತು. ಅದನ್ನೇ ತಿದ್ದಿದೆ. ಅಜ್ಜಿ ದೀಪಕ್ಕೆ ಕರದ್ರು, ಮಿನಿಮೈಸ್ ಮಾಡಿ ಹೋದೆ. ಬೇಕಾದ್ರೆ ಈಗ್ಲೇ ಮಾಡಿ ತೋರಿಸ್ತೆ!”

ಅವಳು ಸೀದಾ ಹತ್ತಿರದ ಕಂಪ್ಯೂಟರಿಗೆ ಕೈ ಹಾಕಿದಳು.

“ಏ ಏ ಏ! ಮುಟ್ಬೇಡ ಮಾರಾಯ್ತಿ!”

ತಂಡದವರೆಲ್ಲ ಒಟ್ಟಿಗೆ ಹಾರಿ ಬಂದರು. ಒಬ್ಬ ಕೀಬೋರ್ಡನ್ನು ಎತ್ತಿ ತಲೆಯ ಮೇಲೆ ಹಿಡಿದ. ಸುಹೈಲ್ ಮೌಸನ್ನು ಎದೆಗೆ ಒತ್ತಿಕೊಂಡಿದ್ದ. ಆಮೇಲೆ ತಾನು ನಿಂತ ರೀತಿ ನೋಡಿ ಅವನಿಗೇ ನಗು ಬಂತು. ನಗು ನಿಂತ ಮೇಲೆ ಅವನು ಶಾಂಭವಿಯ ಎತ್ತರಕ್ಕೆ ಬಗ್ಗಿದ.

“ನಿಜವಾಗ್ಲೂ ನೀನೇ?”

“ನಾನೇ. ಅಣ್ಣ ಕೇಳ್ದಾಗ ನಾ ಹೇಳ್ಲಿಲ್ಲ. ಅದಕ್ಕೇ ಅವ ನಿಮಗೆ ಬೈದ.”

ಸುಹೈಲ್ ಎದ್ದು ನಿಂತ. “ನೀನಾದ್ರೂ ನಂಗೆ ಬೈಲಿಲ್ಲ,” ಎಂದು ಅವಳಿಗೆ ಹೇಳಿ ಅಣ್ಣನತ್ತ ತಿರುಗಿದ. “ನಿತ್ಯಾ, ನೀನು ಕೇಳ್ಬೋದಿತ್ತು. ಕೇಳೂ ಬದ್ಲು ನೀನೇ ಹೇಳಿ ಮುಗಿಸ್ದೆ. ಮೂರು ದಿನ ಅಮ್ಮನ ಎದ್ರೂ ಮುಖ ಎತ್ತೂಕೆ ಆಗ್ಲಿಲ್ಲ ನಂಗೆ.”

“ತಪ್ಪಾತು ಮಾರಾಯಾ,” ಎಂದ ಅಣ್ಣ. ಶಾಂಭವಿ ಡಬ್ಬಿಯನ್ನು ಮುಂದೆ ಚಾಚಿದಳು. ಸುಹೈಲ್ ತಕ್ಷಣ ತೆಗೆದುಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಅದನ್ನೇ ನೋಡಿದ. ಆಮೇಲೆ ತೆಗೆದುಕೊಂಡ.

ಮ್ಯಾಚು ನಡೆಸುವವರು ಎಲ್ಲ ಕೇಳಿ ಮರುಗಿದರು. ಆದರೆ ಬ್ಯಾನ್ ಆದ ಆಟಗಾರನನ್ನು ಕೂರಿಸುವಂತಿಲ್ಲ ಎಂದರು. ಕ್ಯಾಪ್ಟನ್ ಜಾಗದಲ್ಲಿ ಹೊನ್ನಾವರದ ಹೊಸ ಹುಡುಗನೊಬ್ಬ ಕೂತ. ಅಣ್ಣ ಹಗ್ಗದ ಆಚೆ ನಿಂತು ನೋಡಿದ. ಅಲ್ಲಿ ನಿಂತವರು ಕೂಗಿ ಹೇಳುವ ಹಾಗೂ ಇರಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ತಂಡ ಸೋತಿತ್ತು. ಯಾರೂ ಶಾಂಭವಿಗೆ ಏನೂ ಅನ್ನಲಿಲ್ಲ. ಅವಳು ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತು ಮನೆಗೆ ಬಂದಳು.

ಮುಂದಿನ ಕೆಲವು ದಿನ ಅಣ್ಣ ಕಂಪ್ಯೂಟರ್ ಮುಟ್ಟಲಿಲ್ಲ. ಆಮೇಲೆ ಒಂದು ಸಂಜೆ ಕೂತು ಹೊಸ ಐಡಿ ಮಾಡತೊಡಗಿದ. ಶಾಂಭವಿ ಬಾಗಿಲಲ್ಲಿ ನಿಂತು ನೋಡಿದಳು. ಹಳೆಯ ಹೆಸರನ್ನು ಆಟ ಒಪ್ಪಲಿಲ್ಲ. ಅಣ್ಣ ತುಸು ಯೋಚಿಸಿ ‘ಹೊಳನಗದ್ದೆ ಮರಿ’ ಎಂದು ಟೈಪ್ ಮಾಡಿದ. ಅದರ ಫೋಟೋ ತೆಗೆದು ಸುಹೈಲನಿಗೆ ಕಳಿಸಿದ.

ಪರದೆಯ ಮೇಲೆ ಮರಳ ದಂಡೆ ಬಂತು. ಬರಿಗಾಲಿನ, ಬರಿಗೈಯ ಒಬ್ಬ ಪುಟ್ಟ ಮನುಷ್ಯ ಅಲ್ಲಿ ನಿಂತಿದ್ದ. ಅವನಿಗೆ ದೋಣಿ ಇಲ್ಲ, ಟೊಪ್ಪಿ ಇಲ್ಲ. ‘ನಡೆಯಲು ಈ ಬಟನ್ ಒತ್ತಿ’ ಎಂದು ಇಂಗ್ಲಿಷಿನಲ್ಲಿ ಬಂತು. ಅಣ್ಣ ಒತ್ತಿದ. ‘ಭೇಷ್! ಈಗ ಹಾರಲು ಈ ಬಟನ್ ಒತ್ತಿ’ ಎಂದು ಬಂತು. ಅಣ್ಣ ಹಾರಿದ. ಮೂರು ತಾಲೂಕಿನ ತಂಡದ ಕ್ಯಾಪ್ಟನ್ ಒಂದೊಂದೇ ಬಟನ್ ಒತ್ತಿ ನಡೆಯುವುದನ್ನು, ಹಾರುವುದನ್ನು, ತೆಂಗಿನಕಾಯಿ ಹೆಕ್ಕುವುದನ್ನು ಕಲಿಯುತ್ತಿದ್ದ.

“ಇದನ್ನ ಬಿಟ್ಟು ಮುಂದೆ ಹೋಗೂಕೆ ಆಗೂದಿಲ್ವಾ ಅಣ್ಣಾ?”

“ಇಲ್ಲ. ಹೊಸಬ್ರು ಎಲ್ಲ ಮಾಡ್ಲೇಬೇಕು.”

“ಸುಹೈಲಣ್ಣನ ಜೊತೆ?”

“ಅವ ಬಹಳ ಮೇಲಿದಾನೆ. ಕೆಳಗಿನವ್ರ ಜೊತೆ ಅವನನ್ನ ಆಟ ಸೇರ್ಸೂದಿಲ್ಲ. ಅಲ್ಲಿವರೆಗೆ ಏರ್ಬೇಕು, ವರ್ಷ ಬೇಕು.”

ಅಷ್ಟರಲ್ಲಿ ಮರಳ ದಂಡೆಯ ಆ ಕಡೆಯಿಂದ ಇನ್ನೊಬ್ಬ ಬರಿಗಾಲಿನ ಪುಟ್ಟ ಮನುಷ್ಯ ಎಡವುತ್ತ ಬಂದ. ಅವನೂ ಈಗಷ್ಟೇ ನಡೆಯಲು ಕಲಿತವನ ಹಾಗಿದ್ದ. ಅವನ ತಲೆಯ ಮೇಲೆ ‘ಭಟ್ಕಳ ಮರಿ’ ಎಂದಿತ್ತು. ಸ್ಪೀಕರಿನಿಂದ ಗುರುತಿನ ದನಿ ಬಂತು.

“ಏನ್ರೀ ಮರಿ, ತೆಂಗಿನಕಾಯಿ ಹೆಕ್ಕೂಕೆ ಬಂತಾ? ನಂಗೆ ಆ ಬಟನ್ನೇ ಮರ್ತು ಹೋಗಿದೆ ಮಾರಾಯಾ.”

ಅಣ್ಣ ಸ್ಪೀಕರಿನತ್ತ ನೋಡಿದ. ಒಂದು ಸಲ ಕೆಮ್ಮಿದ. “ಆ ಕಲ್ಲಿನ ಹತ್ರ ಬಾ, ತೋರಿಸ್ತೆ,” ಎಂದ.

“ಅಣ್ಣಾ,” ಶಾಂಭವಿ ಮೆಲ್ಲಗೆ ಕೇಳಿದಳು. “ಸುಹೈಲಣ್ಣನ ಐಡಿ ಬ್ಯಾನ್ ಆಗಿರ್ಲಿಲ್ಲ ಅಲ್ವಾ?”

“ಇಲ್ಲ.”

“ಮತ್ತೆ ಅವ ಎಂತಕ್ಕೆ…”

ಅವಳು ಪ್ರಶ್ನೆಯನ್ನು ಪೂರ್ತಿ ಮಾಡಲಿಲ್ಲ. ಪರದೆಯಲ್ಲಿ ಇಬ್ಬರು ಪುಟ್ಟ ಮನುಷ್ಯರು ಒಂದೇ ತೆಂಗಿನಕಾಯಿಯನ್ನು ಎತ್ತಲು ಹೋಗಿ ಡಿಕ್ಕಿ ಹೊಡೆದು ಬಿದ್ದರು. ಭಟ್ಕಳದಲ್ಲಿ ಒಬ್ಬ, ಹೊಳನಗದ್ದೆಯಲ್ಲಿ ಒಬ್ಬ, ಇಬ್ಬರೂ ಜೋರಾಗಿ ನಕ್ಕರು.

ಶಾಂಭವಿ ನಗಲಿಲ್ಲ. ಆ ಇಬ್ಬರನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸ್ಟೂಲು ಎಳೆದುಕೊಂಡು ಬಂದು, ಏನೂ ಕೇಳದೆ, ಏನನ್ನೂ ಮುಟ್ಟದೆ ಅಣ್ಣನ ಪಕ್ಕದಲ್ಲಿ ಕೂತಳು.